ಏಜೆಂಟರೇ, ಮನೆಯಾಕೆಯನ್ನೂ ಮಾತಾಡಿಸಿ

ವಿಮಾ ಏಜೆಂಟರಿಗೆ ಗಿರಾಕಿಗಳು ಸಿಗುವುದು ಕಷ್ಟವಾಗಿದೆಯಂತೆ. ಸಿಕ್ಕವರೂ ಎರಡು ಮೂರು ವರ್ಷ ಕಂತು ಕಟ್ಟಿ ಕೈಬಿಡುತ್ತಾರಂತೆ. ಅದಕ್ಕೆಂದೇ ಅವರ ಮೇಲಿನವರು ಹೋಟೆಲಿನ ಮಹಡಿಯ ಮೇಲೆ ಊಟ ಹಾಕಿಸಿ ತರಬೇತಿ ನಡೆಸುತ್ತಾರೆ. ಗಿರಾಕಿಯನ್ನು ಸೆಳೆಯುವುದು ಹೇಗೆ, ಸೆಳೆದವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಪಾಠ. ಮೂವತ್ತು ವರ್ಷದಿಂದ ನಾನೂ ಪಾಠ ಹೇಳುವವಳೇ ಆದ್ದರಿಂದ ಅಲ್ಲಿ ಏನು ಹೇಳಿಕೊಡುತ್ತಾರೆಂಬ ಕುತೂಹಲ ನನಗೆ. ಹೆಚ್ಚು ದಿನ ಕಾಯಬೇಕಾಗುವುದಿಲ್ಲ. ಮರುವಾರವೇ ಆ ಪಾಠ ಮೋಟಾರ್ ಸೈಕಲ್ ಏರಿ ಶಿರಸಿಯ ನಮ್ಮ ಓಣಿಗೆ ಬರುತ್ತದೆ.

ಹೊಸ ವರ್ಷಕ್ಕೆ ಕ್ಯಾಲೆಂಡರು, ಡೈರಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ನೀರಿನ ಬಾಟಲಿ. ಹುಟ್ಟುಹಬ್ಬಕ್ಕೆ ವಾಟ್ಸಾಪಿನಲ್ಲಿ ಅರಳಿದ ಗುಲಾಬಿ. ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಏಜೆಂಟ್ ಜಗಲಿಯಲ್ಲಿ. ನಮ್ಮಂಥ ನೌಕರಿಯವರಿದ್ದಲ್ಲಿ ಸಂಬಳದ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ. ಸರ್ಕಾರಿ ನೌಕರರಿಗೆ ಕೆಜಿಐಡಿ ಕಡ್ಡಾಯ. 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ವ್ಯವಸ್ಥೆ ಅದು. ಅದನ್ನು ಮಾಡಿಸಿಕೊಳ್ಳಿ ಎಂದು ನನಗೆ ಯಾರೂ ಒಂದು ಡೈರಿ ಕೊಟ್ಟವರಲ್ಲ! ಇರಲಿ.

ಈ ತಂತ್ರಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಏಜೆಂಟರಿಗೆ ಸಂಬಳವಿಲ್ಲ, ಕಮಿಷನ್ನೇ ಜೀವನ. ಅವರಿಗೂ ಮನೆ ಮಠ ಇದೆ. ನನ್ನ ತಕರಾರು ಬೇರೆ. ಇಷ್ಟೆಲ್ಲ ಉಪಾಯ ಮಾಡುವವರು ಮಾತಾಡುವುದು ಯಾರ ಹತ್ತಿರ? ಯಜಮಾನನ ಹತ್ತಿರ. ಜಗಲಿಯಲ್ಲಿ ಕೂತು ಅವನಿಗೆ ಕೋಷ್ಟಕ ತೋರಿಸಿ, ಬೋನಸ್ಸಿನ ಲೆಕ್ಕ ಬರೆದು, ಅವನ ಸಹಿ ಹಾಕಿಸಿಕೊಂಡು ಏಳುತ್ತಾರೆ. ಒಳಗಿನಿಂದ ಆಸರಿಗೆ ತಂದಿಟ್ಟು ಹೋಗುವುದಷ್ಟೇ ಮನೆಯಾಕೆಯ ಪಾಲು. ಯೋಚಿಸಿ ನೋಡಿ. ಅವನು ಕಾಲವಾದರೆ ಅವಳ ಗತಿಯೇನು ಎಂಬುದಕ್ಕಾಗಿ ಮಾಡುವ ವ್ಯವಸ್ಥೆ ಇದು. ಪಾಲಿಸಿಯ ನಿಜವಾದ ಕೆಲಸ ಬೀಳುವ ದಿನ ಆ ಮನೆಯಲ್ಲಿ ಇರುವುದಿಲ್ಲವೆಂದು ಖಾತ್ರಿಯಿರುವ ಒಬ್ಬನೇ ಮನುಷ್ಯನಿಗೆ ಎಲ್ಲವನ್ನೂ ವಿವರಿಸಿ, ಅವತ್ತು ಇರಬೇಕಾದವಳಿಗೆ ಏನೂ ಹೇಳದೆ ಎದ್ದು ಬರುತ್ತಾರಲ್ಲ, ಇದೆಂಥ ಜಾಣತನ?

ಯಾರೂ ಕೇಳಿಕೊಂಡು ಬಾರದೆ ವಿಮಾ ಕಂಪನಿಗಳಲ್ಲಿ ಉಳಿದುಬಿಟ್ಟ ಹಣ ಹತ್ತು ವರ್ಷ ಕಳೆದ ಮೇಲೆ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆಂದು ನಿಯಮವೇ ಇದೆ. ಅಂಥದೊಂದು ನಿಯಮ ಬೇಕಾಯಿತು ಎಂಬುದೇ ಕಥೆ ಹೇಳುತ್ತದೆ. ಬಾಂಡು ಯಾವ ಕಪಾಟಿನಲ್ಲಿದೆ ಎಂದು ತಿಳಿಯದ ಹೆಂಡಿರು ಎಷ್ಟಿರಬಹುದು!

ನಮ್ಮ ಓಣಿಯಲ್ಲೇ ನಡೆದದ್ದೊಂದನ್ನು ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಏಜೆಂಟನ ಹೆಸರೂ ಬೇಡ. ಆ ಮನೆಯ ಯಜಮಾನರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಏಜೆಂಟ್ ಜಗಲಿಯಲ್ಲಿ ಕೂತು ತಾನೇ ಫಾರಂ ತುಂಬಿದ. ಆರೋಗ್ಯದ ಪ್ರಶ್ನೆಗಳ ಪುಟ ಬಂದಾಗ ‘ಅದೆಲ್ಲ ಸುಮ್ಮನೆ ಕೇಳ್ತಾರೆ’ ಎಂದು ಮೇಲಿನಿಂದ ಕೆಳಗಿನವರೆಗೆ ‘ಇಲ್ಲ, ಇಲ್ಲ’ ಎಂದು ಗುರುತು ಹಾಕಿದ. ಸಹಿ ಮಾತ್ರ ಇವರದು. ಹದಿನಾಲ್ಕನೆಯ ತಿಂಗಳಿಗೆ ಅವರು ಹೃದಯಾಘಾತದಿಂದ ಹೋಗಿಬಿಟ್ಟರು. ಆಸ್ಪತ್ರೆಯ ಕಾಗದದಲ್ಲಿ ಎಂಟು ವರ್ಷದ ಸಕ್ಕರೆ ಕಾಯಿಲೆಯ ವಿಚಾರ ಸ್ಪಷ್ಟವಾಗಿ ಇತ್ತು. ಕಾಯಿಲೆ ಮುಚ್ಚಿಟ್ಟಿದ್ದಾರೆಂದು ಕಂಪನಿ ದಾವೆಯನ್ನು ತಳ್ಳಿಹಾಕಿತು. ಕಟ್ಟಿದ ಕಂತು ವಾಪಸು ಬಂತು, ಅಷ್ಟೇ. ಏಜೆಂಟ್ ಫೋನು ಎತ್ತುವುದನ್ನೇ ನಿಲ್ಲಿಸಿದ.

ಆ ಪ್ರಶ್ನೆಯನ್ನು ಆಕೆಯ ಎದುರಿಗೆ ಗಟ್ಟಿಯಾಗಿ ಓದಿದ್ದರೆ ಸಾಕಿತ್ತು. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಗಂಡನಿಗೆ ಮಾತ್ರೆ ಕೊಡುತ್ತಿದ್ದವಳು ಆಕೆಯೇ. ‘ಅಯ್ಯೋ, ಇವರಿಗೆ ಶುಗರ್ ಇದೆಯಲ್ಲ’ ಎನ್ನುತ್ತಿದ್ದಳು. ಕಂತು ಸ್ವಲ್ಪ ಏರುತ್ತಿತ್ತು, ಇಲ್ಲವೇ ಆ ಪಾಲಿಸಿ ಸಿಗುತ್ತಲೇ ಇರಲಿಲ್ಲ. ಸಿಗದಿದ್ದರೆ ಬೇರೆ ದಾರಿ ನೋಡುತ್ತಿದ್ದರು, ಇದೆಯೆಂದು ನಂಬಿ ಕೂರುತ್ತಿರಲಿಲ್ಲ.

ಇಲ್ಲಿ ಕಾನೂನಿನ ಒಂದು ಮಾತು ತಿಳಿದಿರಬೇಕು. ವಿಮಾ ಕಾಯಿದೆಯ 45ನೆಯ ಕಲಮಿನ ಪ್ರಕಾರ ಪಾಲಿಸಿ ಮಾಡಿಸಿ ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣಕ್ಕೂ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. 2015ರ ತಿದ್ದುಪಡಿಯಿಂದ ಬಂದ ಅನುಕೂಲ ಇದು. ಮೂರು ವರ್ಷದೊಳಗೆ ಸಾವು ಬಂದರೆ ಮಾತ್ರ ಆ ಫಾರಂ ಅನ್ನು ತೆಗೆದು ಅಕ್ಷರ ಅಕ್ಷರ ನೋಡುತ್ತಾರೆ. ಬಾಂಡು ಕೈಗೆ ಬಂದ ಮೇಲೆ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಲು 2024ರಿಂದ 30 ದಿನಗಳ ಅವಕಾಶ ಇದೆ, ಮೊದಲು 15 ದಿನ ಇತ್ತು. ಆ ಮೂವತ್ತು ದಿನಗಳಲ್ಲಿ ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಕೂತು, ಬಾಂಡಿನ ಜೊತೆ ಬಂದಿರುವ ಅರ್ಜಿಯ ನಕಲನ್ನು ಓದಬಾರದೇ? ಧಾರಾವಾಹಿಯ ಒಂದು ಕಂತು ತಪ್ಪಿದರೆ ಏನೂ ಆಗುವುದಿಲ್ಲ.

ಆಮೇಲೆ ಏನಾಯಿತು ಗೊತ್ತೇ? ನಮ್ಮ ಓಣಿಯಲ್ಲಿ ಹನ್ನೊಂದು ಮನೆಗಳಿವೆ. ಆ ಏಜೆಂಟನಿಗೆ ಇನ್ನು ಅಲ್ಲಿ ಒಂದು ಲೋಟ ನೀರೂ ಹುಟ್ಟುವುದಿಲ್ಲ. ಆ ಮನೆಯ ಮಗ ಈಗ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದಲ್ಲಿದ್ದಾನೆ. ವಿಮೆ ಎಂಬ ಮಾತು ಎತ್ತಿದರೆ ಎದ್ದು ಹೋಗುತ್ತಾನೆ. ಗಿರಾಕಿಗಳು ಸಿಗುವುದಿಲ್ಲ ಎಂದು ಅಳುವವರು ಈ ಲೆಕ್ಕವನ್ನೂ ತಮ್ಮ ತರಬೇತಿಯ ಹಲಗೆಯ ಮೇಲೆ ಬರೆಯಬೇಕು.

ಹಾಗಾದರೆ ಏಜೆಂಟರು ಯಾಕೆ ಹೀಗೆ ಅವಸರ ಮಾಡುತ್ತಾರೆ? ಕಮಿಷನ್ನಿನ ಕಟ್ಟಡವೇ ಹಾಗಿದೆ. ಬಹಳ ಕಾಲ ದೀರ್ಘಾವಧಿಯ ಪಾಲಿಸಿಗಳಲ್ಲಿ ಮೊದಲ ವರ್ಷದ ಕಂತಿನಿಂದ ಏಜೆಂಟನಿಗೆ ಶೇಕಡಾ 35ರ ತನಕ ಸಿಗುತ್ತಿತ್ತು. ಎರಡು ಮೂರನೆಯ ವರ್ಷ ಏಳೂವರೆ, ಆಮೇಲೆ ಐದು. ಹೊಸ ಗಿರಾಕಿಯೆಂದರೆ ಹಾಲು ಕರೆಯುವ ಹಸು, ಹಳೆಯ ಗಿರಾಕಿಯೆಂದರೆ ಗೊಡ್ಡು. 2024ರ ಅಕ್ಟೋಬರಿನಲ್ಲಿ ಎಲ್‌ಐಸಿ ಮೊದಲ ವರ್ಷದ ಪಾಲನ್ನು ತಗ್ಗಿಸಿ ಮುಂದಿನ ವರ್ಷಗಳದ್ದನ್ನು ಏರಿಸಿದಾಗ ಏಜೆಂಟರು ಗಲಾಟೆ ಎಬ್ಬಿಸಿದರು. ನನಗಂತೂ ಅದು ಸರಿಯೆಂದೇ ಕಂಡಿತು. ಹಳೆಯ ಮನೆಯ ಬಾಗಿಲಿಗೂ ಒಮ್ಮೆ ಹೋಗಿ ಬರಲು ಕಾರಣವಾದರೂ ಸಿಕ್ಕಿತಲ್ಲ.

ಆ 35ರಲ್ಲಿ ಸ್ವಲ್ಪ ಗಿರಾಕಿಗೇ ಬಿಟ್ಟುಕೊಡುವ ಪದ್ಧತಿ ನಿಮಗೂ ಗೊತ್ತಿರುತ್ತದೆ. ‘ಮೊದಲ ಕಂತು ನಾನೇ ಕಟ್ತೇನೆ, ನೀವು ಬರೀ ಸಹಿ ಮಾಡಿ’ ಎನ್ನುತ್ತಾರೆ. ನಮಗೂ ಖುಷಿ, ಪುಕ್ಕಟೆ ಬಂತಲ್ಲ ಎಂದು. ಇದು ಅಪರಾಧ. ವಿಮಾ ಕಾಯಿದೆಯ 41ನೆಯ ಕಲಮು ಇದನ್ನು 1938ರಿಂದಲೇ ನಿಷೇಧಿಸಿದೆ. ಈಗ ದಂಡ ಹತ್ತು ಲಕ್ಷ ರೂಪಾಯಿಯ ತನಕ ಹೋಗಬಹುದು. ನಾವು ಸಹಿ ಹಾಕುವ ಅರ್ಜಿಯಲ್ಲೇ ಅದನ್ನು ಅಚ್ಚು ಹಾಕಿರುತ್ತಾರೆ, ಓದುವವರಿಲ್ಲ. ಕಾನೂನು ಬದಿಗಿಟ್ಟರೂ ಬುದ್ಧಿ ಬೇಡವೇ? ಮೊದಲ ವರ್ಷದ ಗಳಿಕೆಯನ್ನು ಬಿಟ್ಟುಕೊಟ್ಟವನಿಗೆ ಎರಡನೆಯ ವರ್ಷ ನಿಮ್ಮ ಮನೆಗೆ ಬರಲು ಪೆಟ್ರೋಲಿಗೆ ಏನಿದೆ? ಹೀಗೆ ಪುಕ್ಕಟೆ ಮಾಡಿಸಿದ ಪಾಲಿಸಿಗಳೇ ಬೇಗ ಲ್ಯಾಪ್ಸ್ ಆಗುವುದು. ಇಬ್ಬರಿಗೂ ಅದರ ಮೇಲೆ ಮಮತೆ ಇರುವುದಿಲ್ಲ.

ಇನ್ನು ‘ಕನ್ಯಾದಾನ ಪಾಲಿಸಿ’. ಹೆಣ್ಣುಮಗು ಇರುವ ಮನೆಗೆ ಈ ಹೆಸರು ಹಿಡಿದುಕೊಂಡೇ ಬರುತ್ತಾರೆ. ಆ ಹೆಸರಿನ ಯೋಜನೆ ತನ್ನಲ್ಲಿ ಇಲ್ಲವೆಂದು ಎಲ್‌ಐಸಿಯೇ ಹೇಳಿದೆ. ಬೇರೆ ಯಾವುದೋ ಯೋಜನೆಗೆ ಏಜೆಂಟರು ಸುತ್ತಿದ ಬಣ್ಣದ ಕಾಗದ ಅದು. ಆ ಕಾಗದಕ್ಕೆ ಅವರು ಆರಿಸಿಕೊಂಡ ಬಣ್ಣವನ್ನಾದರೂ ನೋಡಿ! ಮಗಳು ಹುಟ್ಟಿ ಮೂರು ತಿಂಗಳಾಗಿಲ್ಲ, ಅವಳನ್ನು ದಾನ ಕೊಡುವ ಖರ್ಚಿನ ಲೆಕ್ಕ. ಅವಳ ಓದಿನ ಹೆಸರಿಟ್ಟಿದ್ದರೆ ಗಿರಾಕಿ ಓಡಿಹೋಗುತ್ತಿದ್ದನೇ? ತಾಯಿಯ ಹೊಟ್ಟೆಯ ಸಂಕಟ ಎಲ್ಲಿದೆ ಎಂದು ಹುಡುಕಿ ಅಲ್ಲಿಗೇ ಬೆರಳು ಇಡುವುದನ್ನು ಮಾರಾಟದ ಕಲೆ ಎನ್ನುತ್ತಾರೆ. ನಾನು ಅದಕ್ಕೆ ಬೇರೆ ಹೆಸರಿಡುತ್ತೇನೆ, ಇಲ್ಲಿ ಬರೆಯುವಂಥದಲ್ಲ. ಆ ಮನೆಗೆ ನಿಜಕ್ಕೂ ಬೇಕಾದದ್ದು, ದುಡಿಯುವವನು ಹೋದರೆ ದೊಡ್ಡ ಮೊತ್ತ ಕೊಡುವ ಟರ್ಮ್ ವಿಮೆ. ಅದರ ಕಂತು ಚಿಕ್ಕದು. ಕಂತು ಚಿಕ್ಕದಾದರೆ ಕಮಿಷನ್ನೂ ಚಿಕ್ಕದು. ಹಾಗಾಗಿ ಆ ಹೆಸರು ಜಗಲಿಯಲ್ಲಿ ಕೇಳಿಬರುವುದಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಆಗಾಗ ಫ್ಲೆಕ್ಸ್ ಕಟ್ಟುತ್ತಾರೆ, ‘ಎಂಡಿಆರ್‌ಟಿ ಸಾಧಕರಿಗೆ ಅಭಿನಂದನೆಗಳು’ ಎಂದು. ಅಮೆರಿಕದಲ್ಲಿ 1927ರಲ್ಲಿ ಹುಟ್ಟಿದ ಏಜೆಂಟರ ಕೂಟ ಅದು. ಅಲ್ಲಿ ಸ್ಥಾನ ಸಿಗುವುದು ಎಷ್ಟು ಪ್ರೀಮಿಯಂ ತಂದೆ, ಎಷ್ಟು ಕಮಿಷನ್ ಗಳಿಸಿದೆ ಎಂಬ ಅಳತೆಯ ಮೇಲೆ. ಎಷ್ಟು ವಿಧವೆಯರಿಗೆ ದಾವೆಯ ಹಣ ಕೊಡಿಸಿದೆ ಎಂದು ಅಳೆಯುವ ಒಂದು ಕೂಟ ಇದ್ದಿದ್ದರೆ ಅದರ ಫ್ಲೆಕ್ಸಿಗೆ ನಾನೇ ಚಂದಾ ಕೊಡುತ್ತಿದ್ದೆ.

ಅಂಥವರು ಇಲ್ಲವೆಂದಲ್ಲ. ನಮ್ಮೂರಲ್ಲೇ ಒಬ್ಬರಿದ್ದರು. ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಮುದುಕರು. ಅವರು ಕ್ಯಾಲೆಂಡರ್ ಕೊಟ್ಟದ್ದು ನಾನು ಕಾಣೆ. ಅವರ ಹತ್ತಿರ ಒಂದು ಉದ್ದನೆಯ ನೋಟುಬುಕ್ಕು ಇತ್ತು. ಒಂದೊಂದು ಮನೆಗೆ ಒಂದೊಂದು ಪುಟ, ಮೇಲ್ಗಡೆ ಮನೆಯಾಕೆಯ ಹೆಸರು. ವರ್ಷಕ್ಕೊಮ್ಮೆ ಬಂದು ‘ತಂಗೀ, ಬಾಂಡು ಎಲ್ಲಿಟ್ಟೀಯೆ, ತಗಂಡು ಬಾ ನೋಡ್ವ’ ಎನ್ನುತ್ತಿದ್ದರು. ತಂದು ತೋರಿಸಿದರೆ ಒಂದು ಗುರುತು ಹಾಕಿ ಹೋಗುತ್ತಿದ್ದರು. ನನ್ನ ಸಹೋದ್ಯೋಗಿಯೊಬ್ಬಳ ಗಂಡ ತೀರಿಕೊಂಡಾಗ ವೈಕುಂಠ ಸಮಾರಾಧನೆ ಮುಗಿದ ಮರುದಿನ ದಾವೆಯ ಅರ್ಜಿಯನ್ನು ತಾವೇ ತಂದು, ಮರಣ ಪ್ರಮಾಣಪತ್ರ, ಬಾಂಡು, ಬ್ಯಾಂಕಿನ ರದ್ದು ಮಾಡಿದ ಚೆಕ್ಕು ಎಲ್ಲ ಜೋಡಿಸಿ ಬ್ರಾಂಚಿಗೆ ಕೊಟ್ಟು ಬಂದರು. ಆ ಕೆಲಸಕ್ಕೆ ಅವರಿಗೆ ಒಂದು ಪೈಸೆ ಕಮಿಷನ್ ಇಲ್ಲ. ಆದರೆ ಆ ಮನೆಯ ಮಕ್ಕಳು, ಅಳಿಯಂದಿರು, ಎದುರು ಮನೆಯವರು ಎಲ್ಲರೂ ಕೊನೆಯವರೆಗೆ ಅವರ ಹತ್ತಿರವೇ ಪಾಲಿಸಿ ಮಾಡಿಸಿದರು. ಯಾರೂ ಅವರನ್ನು ಯಾವ ಹೋಟೆಲಿನ ಮಹಡಿಗೂ ಕರೆದುಕೊಂಡು ಹೋಗಿರಲಿಲ್ಲ.

ಮದುವೆಗೆ ಮೊದಲು ಮಾಡಿಸಿದ ಪಾಲಿಸಿಗೆ ಹುಡುಗರು ತಾಯಿಯ ಹೆಸರನ್ನೇ ನಾಮಿನಿಯಾಗಿ ಬರೆಸಿರುತ್ತಾರೆ. ಅದು ಸಹಜವೇ. ಮದುವೆಯಾದ ಮೇಲೆ ಯಾರಿಗೂ ನೆನಪಾಗುವುದಿಲ್ಲ. ಇಂಥದೇ ಒಂದು ಪ್ರಕರಣದಲ್ಲಿ ಗಂಡ ತೀರಿಕೊಂಡು, ನಾಮಿನಿಯಾದ ತಾಯಿಗೂ ಹೆಂಡತಿ ಮಗುವಿಗೂ ವ್ಯಾಜ್ಯವಾಗಿ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು. ತಾಯಿ, ಹೆಂಡತಿ, ಮಗು ಮೂವರಿಗೂ ಒಂದೊಂದು ಪಾಲು ಎಂದು 2025ರಲ್ಲಿ ತೀರ್ಪು ಬಂತು. ತೀರ್ಪು ನ್ಯಾಯವಾಗಿಯೇ ಇದೆ. ಆದರೆ ಮಗನನ್ನು ಕಳೆದುಕೊಂಡವಳು, ಗಂಡನನ್ನು ಕಳೆದುಕೊಂಡವಳು ಇಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತಲ್ಲ! ಮದುವೆಯ ಊಟಕ್ಕೆ ಬಂದ ಏಜೆಂಟ್ ಮರುವಾರ ಒಂದು ಫಾರಂ ತಂದಿದ್ದರೆ ಮುಗಿಯುತ್ತಿತ್ತು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಪಾಲಿಸಿ ಮಾಡಿಸಿದರೆ ಗಂಡನ ಸಾಲಗಾರರೂ ಆ ಹಣವನ್ನು ಮುಟ್ಟುವಂತಿಲ್ಲ, ಅದು ಹೆಂಡತಿ ಮಕ್ಕಳದೇ. ಮಾಡಿಸುವಾಗಲೇ ಬರೆಸಬೇಕು, ಆಮೇಲೆ ಆಗುವುದಿಲ್ಲ. ವ್ಯಾಪಾರಸ್ಥರ ಮನೆಯ ಹೆಂಗಸರಿಗೆ ಇಷ್ಟು ಒಳ್ಳೆಯ ಅನುಕೂಲ ಇನ್ನೊಂದಿಲ್ಲ. ಇದನ್ನು ತಾನಾಗಿ ಹೇಳಿದ ಏಜೆಂಟ್ ನನಗೆ ಇದುವರೆಗೆ ಸಿಕ್ಕಿಲ್ಲ.

2024ರ ಡಿಸೆಂಬರಿನಲ್ಲಿ ಎಲ್‌ಐಸಿಯ ‘ಬೀಮಾ ಸಖಿ’ ಯೋಜನೆ ಆರಂಭವಾಯಿತು. ಹತ್ತನೆಯ ತರಗತಿ ಪಾಸಾದ ಹೆಂಗಸರು ಏಜೆಂಟರಾಗಬಹುದು, ಮೊದಲ ವರ್ಷ ತಿಂಗಳಿಗೆ 7000 ರೂಪಾಯಿ ಕೊಡುತ್ತಾರೆ. ಎರಡನೆಯ ವರ್ಷ 6000, ಆದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ನೂರಕ್ಕೆ 65 ಜೀವಂತವಾಗಿ ಇರಬೇಕು. ಈ ಷರತ್ತು ನನಗೆ ಬಹಳ ಹಿಡಿಸಿತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದಕ್ಕೆ ಸೇರಿದ್ದಾಳೆ. ನೆಂಟರಿಷ್ಟರೆಲ್ಲ ಮುಗಿದ ಮೇಲೆ ‘ಅಕ್ಕೋರೇ, ನಿಮ್ಮ ಶಾಲೆಯವರ ಹೆಸರು ಕೊಡಿ’ ಎಂದು ಬಂದಳು. ಹೆಸರು ಆಮೇಲೆ, ಮೊದಲು ಪಾಲಿಸಿ ಮಾಡಿಸಿದ ಮನೆಗಳಿಗೇ ಇನ್ನೊಮ್ಮೆ ಹೋಗಿ ಹೆಂಗಸರ ಕೈಲಿ ಬಾಂಡು ತೆಗೆಸಿ ನೋಡು ಎಂದೆ. ‘ಅದಕ್ಕೆ ಕಮಿಷನ್ ಇಲ್ಲವಲ್ಲ ಅಕ್ಕೋರೇ’ ಎಂದು ಮುಖ ಸಣ್ಣ ಮಾಡಿದಳು. ಆದರೂ ಹೋದಳು, ನನ್ನ ಪಾಠದ ಹೆದರಿಕೆ ಇನ್ನೂ ಉಳಿದಿರಬೇಕು.

ಒಂದು ಮನೆಯಲ್ಲಿ ಆಕೆ ಕಪಾಟಿನಿಂದ ತನ್ನ ಗಂಡನ ಬಾಂಡುಗಳನ್ನೆಲ್ಲ ತಂದು ಹಾಸಿದಳಂತೆ. ಅದರಲ್ಲಿ ಬೇರೆ ಯಾರೋ ಮಾಡಿಸಿದ ಹಳೆಯದೊಂದು ಇತ್ತು. ನಾಮಿನಿ ಎಂದು ಬರೆದಿದ್ದ ಅತ್ತೆ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಇವಳು ಹೆಸರು ಬದಲಾಯಿಸುವ ಫಾರಂ ತರಲು ಬ್ರಾಂಚಿಗೆ ಹೋಗಿ ಬರುವಷ್ಟರಲ್ಲಿ ಆಕೆ ಪಕ್ಕದ ಮನೆಯವಳನ್ನೂ ಬಾಂಡಿನ ಸಮೇತ ಕರೆದು ಕೂರಿಸಿಕೊಂಡಿದ್ದಳಂತೆ.