ಎರಡಿಂಚು ಕೂದಲಿನ ತಲೆನೋವು

ಗಂಡಸರ ತಲೆಕೂದಲಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ತಾ ಇದ್ದೆ. ನಗಬೇಡಿ. ಇದು ನಗೋ ವಿಷಯ ಅಂತ ನಾವೆಲ್ಲ ಅಂದುಕೊಂಡಿರೋದೇ ನನ್ನ ತಕರಾರು. ನಾಲ್ಕು ಜನ ಹೆಂಗಸರು ಸೇರಿದರೆ ಕೂದಲು ಉದುರೋದರ ಬಗ್ಗೆ ಆರಾಮಾಗಿ ಮಾತಾಡ್ತಾರೆ. ಯಾವ ಶಾಂಪೂ, ಯಾವ ಎಣ್ಣೆ, ಯಾವ ಡಾಕ್ಟರು, ಎಲ್ಲ ಅಲ್ಲೇ ತೀರ್ಮಾನ. ನಮ್ಮ ಗಂಡಸರು ಮಾತ್ರ ತುಟಿಪಿಟಕ್ ಅನ್ನಲ್ಲ. ರಾತ್ರಿ ಬಾತ್‌ರೂಮಿನ ಕನ್ನಡಿ ಮುಂದೆ ಮೊಬೈಲಿನ ಟಾರ್ಚ್ ಹಾಕಿಕೊಂಡು ನೆತ್ತಿ ನೋಡಿಕೊಳ್ತಾರೆ, ಬೆಳಿಗ್ಗೆ ಗುಟ್ಟಾಗಿ ಆನ್‌ಲೈನಲ್ಲಿ ಈರುಳ್ಳಿ ಎಣ್ಣೆ ತರಿಸ್ತಾರೆ. ಈರುಳ್ಳಿ! ಅವರಮ್ಮ ಹುಳಿಗೆ ಹಾಕೋದನ್ನ ಇವರು ತಲೆಗೆ ಹಾಕ್ಕೋತಾರೆ.

ಮೊದಲು ಒಂದು ಸಣ್ಣ ಲೆಕ್ಕ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ? ತಲೆಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತೆ. ಸೊಂಟದವರೆಗೆ ಜಡೆ ಇರೋರ ಕೂದಲಿನ ತುದಿ ಹುಟ್ಟಿ ಐದಾರು ವರ್ಷ ಆಗಿರುತ್ತೆ. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ಸಿಕ್ಕು, ಬಿಸಿನೀರು ಎಲ್ಲ ಆ ತುದಿ ಕಂಡಿದೆ. ಪಾಪ, ಅದಕ್ಕೆ ಕಂಡೀಷನರು, ಎಣ್ಣೆ, ಆರೈಕೆ ಎಲ್ಲ ಬೇಕು. ಎರಡಿಂಚು ಕೂದಲಿರೋ ಗಂಡಸಿನ ಕೂದಲ ತುದಿಗೆ ಹೆಚ್ಚೆಂದರೆ ನಾಲ್ಕು ತಿಂಗಳು. ಕಿವಿ ಪಕ್ಕ ಮಿಷಿನ್ನಿನಲ್ಲಿ ನಂಬರ್ ಎರಡು ಹೊಡೆಸಿದ್ದರೆ ಅದು ಸುಮಾರು 6 ಮಿಲಿಮೀಟರ್, ಅಂದರೆ ಹದಿನೈದು ದಿನದ ಹಸುಗೂಸು. ಅದು ಹಾಳಾಗೋಕೆ ಟೈಮಾದರೂ ಎಲ್ಲಿದೆ?

ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಅದು ಕೆರಾಟಿನ್ ಅನ್ನೋ ಪ್ರೋಟೀನಿನ ದಾರ. ಜೀವ ಇದ್ದಿದ್ದರೆ ಕಟಿಂಗ್ ಶಾಪಿನಲ್ಲಿ ಕುಯ್ಯೋ ಮರ್ರೋ ಅಂತ ಕಿರುಚಬೇಕಿತ್ತು. ಸತ್ತ ದಾರಕ್ಕೆ ಯಾವ ವಿಟಮಿನ್ನೂ ಪೋಷಣೆ ಕೊಡಲ್ಲ. ಬಾಟಲಿ ಮೇಲೆ 'ಡ್ಯಾಮೇಜ್ ರಿಪೇರ್' ಅಂತ ಬರೆದಿದ್ದರೆ ಅದು ನಮಗಲ್ಲ. ನಮ್ಮ ಡ್ಯಾಮೇಜು ತಿಂಗಳಿಗೊಮ್ಮೆ ಕತ್ತರಿಗೆ ಸಿಕ್ಕಿ ನೆಲಕ್ಕೆ ಬೀಳುತ್ತೆ. ಹಾಗಾಗಿ ಚಿಕ್ಕ ಕೂದಲಿನವರು ನೋಡಿಕೊಳ್ಳಬೇಕಾದ್ದು ಕೂದಲನ್ನಲ್ಲ, ಅದರ ಕೆಳಗಿರೋ ಚರ್ಮವನ್ನ. ನಮ್ಮ ದುಡ್ಡೆಲ್ಲ ಹೋಗೋದು ಮಾತ್ರ ಮೇಲಿನ ಸತ್ತ ದಾರಕ್ಕೆ.

ನೆತ್ತಿಯ ಚರ್ಮದಲ್ಲಿ ಜಿಡ್ಡಿನ ಗ್ರಂಥಿಗಳಿವೆ. ಉದ್ದ ಕೂದಲಿದ್ದರೆ ಆ ಜಿಡ್ಡು ಉದ್ದಕ್ಕೂ ಹರಡಿಕೊಳ್ಳುತ್ತೆ. ಚಿಕ್ಕ ಕೂದಲಲ್ಲಿ ಅದಕ್ಕೆ ಹೋಗೋಕೆ ಜಾಗವಿಲ್ಲ, ಬುಡದಲ್ಲೇ ಕೂರುತ್ತೆ. ಮೇಲೆ ಹೆಲ್ಮೆಟ್ಟು, ಬೆವರು, ಸಿಲ್ಕ್ ಬೋರ್ಡಿನ ಧೂಳು. ಆದ್ದರಿಂದ ವಾರಕ್ಕೊಮ್ಮೆ ಭಾನುವಾರ ತಲೆಸ್ನಾನ ಅನ್ನೋ ನಮ್ಮನೆಗಳ ಪದ್ಧತಿ ಚಿಕ್ಕ ಕೂದಲಿನ, ದಿನಾ ಬೈಕ್ ಓಡಿಸೋ ಹುಡುಗನಿಗೆ ಸಾಲಲ್ಲ. ಎರಡು ದಿನಕ್ಕೊಮ್ಮೆ ಮೆದುವಾದ ಶಾಂಪೂ ಹಾಕಿದರೆ ಸರಿ. ಜಿಡ್ಡು ಜಾಸ್ತಿ ಇದ್ದವರು ದಿನಾ ಹಾಕಿದರೂ ಆಕಾಶ ಬೀಳಲ್ಲ. 'ದಿನಾ ತಲೆಗೆ ನೀರು ಹಾಕಿದರೆ ಕೂದಲು ಉದುರುತ್ತೆ' ಅನ್ನೋದು ಸುಳ್ಳು. ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಸಹಜ. ಮೊದಲೇ ಸಡಿಲವಾದದ್ದು ಸ್ನಾನದ ದಿನ ಒಟ್ಟಿಗೆ ಕೈಗೆ ಬರುತ್ತೆ, ಅಷ್ಟೇ. ಆರು ದಿನದ ಬಾಕಿಯನ್ನ ಭಾನುವಾರ ಒಂದೇ ಸಲ ನೋಡಿದರೆ ಗಾಬರಿಯಾಗದೆ ಇರುತ್ತಾ? ಇನ್ನೊಂದು ಮಾತು, ಎರಡಿಂಚಿಗೆ ಚಿಕ್ಕ ಸ್ಯಾಷೆಯಲ್ಲಿ ಅರ್ಧ ಸಾಕು. ಶಾಂಪೂವನ್ನ ಉಗುರಲ್ಲಿ ಗೀರದೆ, ಬೆರಳ ತುದಿಯಲ್ಲಿ ಚರ್ಮಕ್ಕೆ ತಿಕ್ಕಬೇಕು.

ಈಗ ಎಣ್ಣೆ ವಿಷಯ. ಅಮ್ಮಂದಿರು ಕ್ಷಮಿಸಬೇಕು :-)

ಕೊಬ್ಬರಿ ಎಣ್ಣೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. 2003ರಲ್ಲಿ 'ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್'ನಲ್ಲಿ ಒಂದು ಅಧ್ಯಯನ ಬಂತು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದಾಗ ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಆ ಅಧ್ಯಯನ ಮಾಡಿದವರು ಪ್ಯಾರಾಚೂಟ್ ಮಾರುವ ಮ್ಯಾರಿಕೋ ಕಂಪನಿಯವರೇ, ಅದನ್ನೂ ತಲೆಯಲ್ಲಿಟ್ಟುಕೊಳ್ಳಿ. ಅದು ನಿಜವೇ ಅಂತಿಟ್ಟುಕೊಂಡರೂ ಲಾಭ ಆ ದಾರಕ್ಕೆ, ಅಂದರೆ ಜಡೆ ಇದ್ದವರಿಗೆ. ಬುಡದಿಂದ ಹೊಸ ಕೂದಲು ಹುಟ್ಟಿಸುತ್ತೆ ಅಂತ ಆ ಅಧ್ಯಯನ ಎಲ್ಲೂ ಹೇಳಿಲ್ಲ. ದೀಪಾವಳಿಗೆ ಅಭ್ಯಂಜನ ಮಾಡಿ, ಅಜ್ಜಿ ಕೈಯಲ್ಲಿ ನೆತ್ತಿಗೆ ಎಣ್ಣೆ ತಟ್ಟಿಸಿಕೊಳ್ಳೋ ಸುಖಕ್ಕೆ ನನ್ನ ವಿರೋಧ ಇಲ್ಲ. ಆ ಸುಖಕ್ಕೆ ಯಾವ ಅಧ್ಯಯನವೂ ಬೇಕಿಲ್ಲ.

ತಲೆಯಲ್ಲಿ ಹೊಟ್ಟು ಇದ್ದಾಗ ಮಾತ್ರ ದಯವಿಟ್ಟು ಎಣ್ಣೆ ಬೇಡ. ಎಲ್ಲರೂ ಹೇಳೋದು ಉಲ್ಟಾ: 'ತಲೆ ಒಣಗಿದೆ, ಅದಕ್ಕೇ ಹೊಟ್ಟು ಬಂದಿದೆ, ಎಣ್ಣೆ ಹಚ್ಚು'. ಹೊಟ್ಟಿನ ಹಿಂದೆ ಇರೋದು ಮಲಸೇಜಿಯಾ ಅನ್ನೋ ಯೀಸ್ಟು. ಅದು ಎಲ್ಲರ ತಲೆಯಲ್ಲೂ ಇದೆ, ಚರ್ಮದ ಜಿಡ್ಡನ್ನೇ ತಿಂದು ಬದುಕುತ್ತೆ. ಅದು ಬಿಟ್ಟ ಕಸಕ್ಕೆ ಕೆಲವರ ಚರ್ಮ ಕೆರಳಿ, ಪದರ ಪದರವಾಗಿ ಉದುರುತ್ತೆ. ಅಂಥಾ ತಲೆಗೆ ಎಣ್ಣೆ ಹಚ್ಚಿ ರಾತ್ರಿಯೆಲ್ಲ ಬಿಡೋದು ಅಂದರೆ ಇಲಿ ಕಾಟ ಅಂತ ಅಡುಗೆಮನೆಯಲ್ಲಿ ಕೊಬ್ಬರಿ ಚೂರು ಇಟ್ಟ ಹಾಗೆ, ಬೋನು ಇಲ್ಲದೆ. ಮೆಡಿಕಲ್ ಶಾಪಿನಲ್ಲಿ ಸಿಗೋ ಕೀಟೋಕೊನಜೋಲ್ 2 ಪರ್ಸೆಂಟ್ ಶಾಂಪೂವನ್ನ ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ ಹಾಕಿದರೆ ಬಹಳಷ್ಟು ಜನರಿಗೆ ಹತೋಟಿಗೆ ಬರುತ್ತೆ. ಗುಟ್ಟು ಏನಂದರೆ, ಹಾಕಿದ ತಕ್ಷಣ ತೊಳೀಬಾರದು. ಮೂರರಿಂದ ಐದು ನಿಮಿಷ ತಲೆ ಮೇಲೆ ಬಿಡಬೇಕು. ಆಮೇಲೂ ಆಗಾಗ ಹಾಕ್ತಾ ಇರಬೇಕು, ಯಾಕಂದರೆ ಯೀಸ್ಟು ಮನೆ ಖಾಲಿ ಮಾಡಲ್ಲ.

ಇನ್ನು ಬೆಂಗಳೂರಿನ ನೀರು. ಹುಬ್ಬಳ್ಳಿಯಿಂದ ಬಂದವನು, ಶಿವಮೊಗ್ಗದಿಂದ ಬಂದವನು, ಪುತ್ತೂರಿನಿಂದ ಬಂದವನು, ಪೀಜಿಯಲ್ಲಿರೋ ಎಲ್ಲರದ್ದೂ ಒಂದೇ ಮಾತು: 'ಊರಲ್ಲಿ ಚೆನ್ನಾಗೇ ಇತ್ತು, ಈ ಬೋರ್‌ವೆಲ್ ನೀರಿಗೆ ಕೂದಲೆಲ್ಲ ಹೋಯ್ತು'. ಇದನ್ನ ಸ್ವಲ್ಪ ಡೀಬಗ್ ಮಾಡೋಣ. ನೀರು ಬೀಳೋದು ಇಡೀ ತಲೆ ಮೇಲೆ. ಹಣೆ ಮೂಲೆ ಮತ್ತು ನೆತ್ತಿಯಲ್ಲಿ ಮಾತ್ರ ಕೂದಲು ಹೋಗಿ, ಕಿವಿ ಪಕ್ಕ ಮತ್ತು ಹಿಂದೆ ದಟ್ಟವಾಗಿ ಉಳಿಯೋದು ಹೇಗೆ? ನೀರಿಗೆ ದಿಕ್ಕು ಗೊತ್ತಾ? ಅದೇ ಟ್ಯಾಂಕರ್ ನೀರಲ್ಲಿ ಸ್ನಾನ ಮಾಡೋ ಮೇಲಿನ ಮಹಡಿಯ ಹುಡುಗಿಯರಿಗೆ ಹಣೆ ಯಾಕೆ ಹಿಂದೆ ಸರಿಯಲ್ಲ? ನಾವು ಕೆಲಸ ಸಿಕ್ಕಿ ಬೆಂಗಳೂರಿಗೆ ಬರೋದು ಇಪ್ಪತ್ತೆರಡು, ಇಪ್ಪತ್ಮೂರನೇ ವಯಸ್ಸಿನಲ್ಲಿ. ವಂಶದಿಂದ ಬರೋ ಬೋಳು ಬಹಳ ಜನರಲ್ಲಿ ಕಾಣಿಸಿಕೊಳ್ಳೋಕೆ ಶುರುವಾಗೋದೂ ಅದೇ ವಯಸ್ಸಿನಲ್ಲಿ. ಎರಡೂ ಒಟ್ಟಿಗೆ ಬಂದವು, ತಪ್ಪು ನೀರಿನ ತಲೆಗೆ ಕಟ್ಟಿದೆವು. ಗಡಸು ನೀರಿನಿಂದ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಮೈಸೋಪನ್ನೇ ತಲೆಗೂ ಉಜ್ಜಿದರೆ ಅದು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳೀ ಗಸಿ ಆಗಿ ಕೂತು, ಕೂದಲು ತೆಂಗಿನ ನಾರಿನ ಹಾಗಾಗುತ್ತೆ. ಶಾಂಪೂ ಹಾಕಿದರೆ ಆ ಗಸಿ ಕಟ್ಟಲ್ಲ. ನಲ್ಲಿಗೆ ಸಾವಿರಾರು ರೂಪಾಯಿಯ ಫಿಲ್ಟರ್ ಸಿಕ್ಕಿಸೋ ಮೊದಲು ಸೋಪು ಬದಲಾಯಿಸಿ ನೋಡಿ.

ಸಣ್ಣ ತಲೆನೋವುಗಳು ಇಲ್ಲಿಗೆ ಮುಗೀತು. ಇನ್ನು ಹಣೆ ಹಿಂದೆ ಸರಿಯೋ ವಿಷಯ. ಇದರ ಮೂಲ ಡಿಹೆಚ್‌ಟಿ ಅನ್ನೋ ಹಾರ್ಮೋನು ಮತ್ತು ಅದಕ್ಕೆ ಸೂಕ್ಷ್ಮವಾಗಿರೋ ಕೂದಲ ಬುಡಗಳು. 1942ರಲ್ಲೇ ಜೇಮ್ಸ್ ಹ್ಯಾಮಿಲ್ಟನ್ ಅನ್ನೋ ಅಮೆರಿಕದ ವಿಜ್ಞಾನಿ, ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡವರಿಗೆ ಬೊಕ್ಕತಲೆ ಬರಲ್ಲ ಅಂತ ತೋರಿಸಿದ್ದ. ವಂಶದ ಕೊಡುಗೆ ತಾಯಿ ಕಡೆಯಿಂದಲೂ ಬರುತ್ತೆ, ತಂದೆ ಕಡೆಯಿಂದಲೂ ಬರುತ್ತೆ. ಸೋದರಮಾವನ ತಲೆ ಒಂದನ್ನೇ ನೋಡಿ ಭವಿಷ್ಯ ಹೇಳೋಕಾಗಲ್ಲ. ಕೂದಲು ಒಂದೇ ದಿನ ಉದುರಿ ಹೋಗಲ್ಲ. ಪ್ರತಿ ಸುತ್ತಿನಲ್ಲೂ ಬುಡ ಕುಗ್ಗುತ್ತಾ, ಕೂದಲು ತೆಳುವಾಗ್ತಾ, ಕೊನೆಗೆ ಬೂದು ತುಪ್ಪಳ ಮಾತ್ರ ಉಳಿಯುತ್ತೆ.

ಇದಕ್ಕೆ ಕೆಲಸ ಮಾಡೋ ಔಷಧಿಗಳು ಇವೆ, ಹಳೆಯವೇ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ. ತಿಂದವರಿಗೆ ಮೈಮೇಲೆಲ್ಲ ಕೂದಲು ಬಂದದ್ದು ನೋಡಿ ತಲೆಗೆ ಹಚ್ಚೋ ದ್ರವ ಮಾಡಿದರು, 1988ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿತು. ಫಿನಾಸ್ಟರೈಡ್ ಪ್ರಾಸ್ಟೇಟ್ ತೊಂದರೆಯ ಮಾತ್ರೆ, 1997ರಲ್ಲಿ 1 ಮಿಲಿಗ್ರಾಂ ಪ್ರಮಾಣದಲ್ಲಿ ಬೋಳುತಲೆಗೆ ಒಪ್ಪಿಗೆ ಸಿಕ್ಕಿತು. ಎರಡಕ್ಕೂ ಷರತ್ತುಗಳಿವೆ. ಮಿನಾಕ್ಸಿಡಿಲ್ ಹಚ್ಚೋಕೆ ಶುರು ಮಾಡಿದ ಕೆಲವು ವಾರ ಇನ್ನೂ ಜಾಸ್ತಿ ಉದುರಬಹುದು, ಬಹಳ ಜನ ಅಲ್ಲೇ ಹೆದರಿ ಬಿಡ್ತಾರೆ. ಫಲ ಕಾಣೋಕೆ ನಾಲ್ಕು ತಿಂಗಳಾದರೂ ಬೇಕು, ನಿಲ್ಲಿಸಿದರೆ ಉಳಿದದ್ದೂ ಹೋಗುತ್ತೆ. ಮನೆಯಲ್ಲಿ ಬೆಕ್ಕಿದ್ದರೆ ಹುಷಾರು, ಸ್ವಲ್ಪ ನೆಕ್ಕಿದರೂ ಅದಕ್ಕೆ ವಿಷ. ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿ ಕಮ್ಮಿ ಮಾಡುತ್ತೆ, ಮನಸ್ಸನ್ನೂ ಮಂಕು ಮಾಡಬಹುದು. ಡಾಕ್ಟರ ಹತ್ತಿರ ಬಾಯಿಬಿಟ್ಟು ಮಾತಾಡದೆ ಮುಟ್ಟಬೇಡಿ. ಎಲ್ಲಕ್ಕಿಂತ ಮುಖ್ಯ, ಇವು ಇರೋದನ್ನ ಉಳಿಸೋದರಲ್ಲಿ ಜಾಣ, ಹೋದದ್ದನ್ನ ತರೋದರಲ್ಲಿ ಅಷ್ಟಕ್ಕಷ್ಟೇ. ನನ್ನ ಸಿಟ್ಟು ಇರೋದು ಇಲ್ಲೇ. ನೀರನ್ನ ಬೈಕೊಂಡು, ಈರುಳ್ಳಿ ಎಣ್ಣೆ, ಆಮೇಲೆ ಇನ್ನೊಂದೆಣ್ಣೆ, ಆಮೇಲೆ ಬಯೋಟಿನ್ ಗಮ್ಮಿ ಅಂತ ಮೂರು ವರ್ಷ ಕಳೆದು ಡಾಕ್ಟರ ಹತ್ತಿರ ಹೋಗೋ ಹುಡುಗ, ಉಳಿಸಿಕೊಳ್ಳಬಹುದಾಗಿದ್ದ ಮೂರು ವರ್ಷ ಕಳಕೊಂಡಿರ್ತಾನೆ. ಅಂದ ಹಾಗೆ, ಸರಿಯಾಗಿ ಊಟ ಮಾಡೋರಿಗೆ ಬಯೋಟಿನ್ ಕೊರತೆ ಬಹಳ ಅಪರೂಪ. ಜಾಸ್ತಿ ತಿಂದರೆ ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳ ರಿಪೋರ್ಟೇ ತಪ್ಪು ಬರಬಹುದು ಅಂತ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು.

ಎಲ್ಲ ಉದುರುವಿಕೆಯೂ ವಂಶದ್ದಲ್ಲ. ಡೆಂಗ್ಯೂ, ಟೈಫಾಯ್ಡ್, ಕೋವಿಡ್ ಬಂದು ಹೋದ ಎರಡು ಮೂರು ತಿಂಗಳಿಗೆ ಕೈತುಂಬ ಉದುರೋದುಂಟು, ಊಟ ಬಿಟ್ಟು ತೂಕ ಇಳಿಸಿದವರಿಗೂ ಅಷ್ಟೇ. ಅದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತೆ, ಮತ್ತು ಆಗ ಹಚ್ಚಿಕೊಂಡಿದ್ದ ಎಣ್ಣೆಗೆ ಪುಕ್ಕಟೆ ಹೆಸರು ಬರುತ್ತೆ. ನಾಣ್ಯದಗಲ ನುಣ್ಣಗೆ ಖಾಲಿಯಾದರೆ ಊರ ಕಡೆ 'ಹುಳ ತಿಂದಿದೆ' ಅಂತಾರೆ. ಹುಳ ಇಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ಬೀಳೋದು ಅದು. ಇವುಗಳಲ್ಲಿ ಯಾವುದು ನಿಮ್ಮದು ಅಂತ ಹೇಳೋಕೆ ಚರ್ಮದ ಡಾಕ್ಟರೇ ಬೇಕು. ಯಾವುದೇ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲೂ ಚರ್ಮದ ವಿಭಾಗ ಇರುತ್ತೆ, ಚೀಟಿ ಮಾಡಿಸೋಕೆ ಈರುಳ್ಳಿ ಎಣ್ಣೆಯಷ್ಟೂ ಖರ್ಚಾಗಲ್ಲ. ಫೋನಿನಲ್ಲಿ ಹತ್ತು ಪ್ರಶ್ನೆ ಕೇಳಿ ನೇರ 'ಕಿಟ್' ಕಳಿಸೋರನ್ನ ನಾನು ಡಾಕ್ಟರು ಅನ್ನಲ್ಲ.

ಕಸಿ ಮಾಡಿಸಿಕೊಳ್ಳೋರು ಇನ್ನೂ ಎಚ್ಚರ ವಹಿಸಬೇಕು. 2025ರಲ್ಲಿ ಕಾನ್ಪುರದ ಸುದ್ದಿ ನೀವೂ ಓದಿರ್ತೀರ. ಕೂದಲು ಕಸಿ ಮಾಡಿಸಿಕೊಂಡ ಇಂಜಿನಿಯರ್ ಒಬ್ಬರು ತೀರಿಕೊಂಡರು, ಹೆಂಡತಿ ಪೊಲೀಸರ ಮೊರೆ ಹೋದರು, ಆಮೇಲೆ ಇನ್ನೊಬ್ಬ ಇಂಜಿನಿಯರಿನ ಮನೆಯವರೂ ಅದೇ ಕಥೆ ಹೇಳಿಕೊಂಡು ಬಂದರು. ನಮ್ಮಂಥವರೇ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಕಸಿ ಮಾಡೋಕೆ ಸಾಲಲ್ಲ ಅಂತ ಹೇಳಿತ್ತು. ಯೂಟ್ಯೂಬ್ ಅನ್ನೋ ಪದ ಸರ್ಕಾರಿ ಮಾರ್ಗಸೂಚಿಯೊಳಗೆ ಬರೋ ಪರಿಸ್ಥಿತಿ ಬಂದಿದೆ ಅಂದರೆ ಯೋಚನೆ ಮಾಡಿ. ಹೋಗೋದೇ ಆದರೆ 'ಕತ್ತರಿ ಹಿಡಿಯೋರು ಯಾರು, ಅವರ ಡಿಗ್ರಿ ಏನು, ಏನಾದರೂ ಆದರೆ ಐಸಿಯು ಎಲ್ಲಿದೆ' ಅಂತ ಕೇಳಿ. ಈಎಂಐ ಎಷ್ಟು ಅಂತ ಆಮೇಲೆ ಕೇಳಬಹುದು.

ಇದೆಲ್ಲ ಬೇಡ ಅನ್ನೋರು ಮಿಷಿನ್ನಿನಲ್ಲಿ ನುಣ್ಣಗೆ ಹೊಡೆಸಿ ಆರಾಮಾಗಿರಿ, ಅದೂ ಪೂರ್ತಿ ಗೌರವದ ದಾರಿ. ಬಿಸಿಲಿಗೆ ಟೋಪಿ ಇರಲಿ, ಅಷ್ಟೇ. 2017ರಲ್ಲಿ ರಾಜ್ ಬಿ ಶೆಟ್ಟಿ 'ಒಂದು ಮೊಟ್ಟೆಯ ಕಥೆ' ಮಾಡಿದಾಗ ಥಿಯೇಟರಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಣ್ಣು ಸಿಗದ ಬೊಕ್ಕತಲೆಯ ಕನ್ನಡ ಮೇಷ್ಟ್ರು. ನಕ್ಕವರಲ್ಲಿ ಎಷ್ಟು ಜನ ಮನೆಗೆ ಹೋಗಿ ಕನ್ನಡಿ ನೋಡಿಕೊಂಡರೋ! ಆಫೀಸಿನಲ್ಲಿ 'ಏನೋ, ಏರ್‌ಪೋರ್ಟ್ ರನ್‌ವೇ ರೆಡಿ ಆಯ್ತಾ' ಅಂತ ಕೇಳೋ ಗೆಳೆಯರೇ, ನೀವು ಹೀಗೆ ಕೇಳೋದಕ್ಕೇ ಅವನು ಡಾಕ್ಟರನ್ನ ಬಿಟ್ಟು ಎಣ್ಣೆ ಅಂಗಡಿಗೆ ಹೋಗ್ತಾ ಇರೋದು.

ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡ್ ಹಾಕಿ ಅನ್ನೋಕೆ ಸಂಕೋಚ ಬೇಡ, ಹೆಪಟೈಟಿಸ್ ಬಿ ರಕ್ತದ ಮೂಲಕ ಹರಡೋ ಕಾಯಿಲೆ. ಮಿಷಿನ್ ಒರೆಸದೆ ಒಂದು ತಲೆಯಿಂದ ಇನ್ನೊಂದಕ್ಕೆ ಹೋದರೆ ಹುಳುಕಡ್ಡಿ ಜೊತೆಗೇ ಬರುತ್ತೆ. ಹಾಗೇ, ಕೂದಲು ಹೋಗುತ್ತೆ ಅಂತ ಹೆಲ್ಮೆಟ್ಟನ್ನ ಮೊಣಕೈಗೆ ಸಿಕ್ಕಿಸಿಕೊಂಡು ಹೋಗೋರಿಗೆ: ಹೆಲ್ಮೆಟ್ಟಿನಿಂದ ಬೋಳು ಬರಲ್ಲ. ಕೊಳಕು ಹೆಲ್ಮೆಟ್ಟಿನಿಂದ ತುರಿಕೆ ಬರಬಹುದು. ಒಳಗಿನ ಸ್ಪಂಜು ಬಹಳಷ್ಟರಲ್ಲಿ ಬಿಚ್ಚೋಕೆ ಬರುತ್ತೆ, ಶಾಂಪೂ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಎರಡು ವರ್ಷದಿಂದ ತೊಳೆದಿಲ್ಲ ಅನ್ನೋರು ಬಿಚ್ಚಿದ ಮೇಲೆ ಒಂದು ಸಲ ಮೂಸಿ ನೋಡಿ, ಊಟಕ್ಕೆ ಮೊದಲು ಬೇಡ.