ಕಾವಲಿನ ಭಾರ

ದೂರದ ಊರಿನ ಸರ್ವರುಗಳ ಯೋಗಕ್ಷೇಮವನ್ನು ತಾನಿದ್ದಲ್ಲಿಂದಲೇ ವಿಚಾರಿಸಿಕೊಳ್ಳಬಯಸುವವನು, ಆ ವಿಚಾರಣೆಗೇ ತಗಲುವ ವೆಚ್ಚವನ್ನು ಮೊದಲು ಲೆಕ್ಕ ಹಾಕತಕ್ಕದ್ದು. ನಡುವಣ ಸಂಪರ್ಕವು ಮಂದವಾಗಿದ್ದಲ್ಲಿ ಈ ಲೆಕ್ಕವಿಲ್ಲದ ಕಾವಲು ಕಾವಲೇ ಅಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಒಂದೊಂದು ಪ್ರಶ್ನೆಯೂ ಅತ್ಯಲ್ಪವೆಂಬ ಕಾರಣದಿಂದ ಈ ಲೆಕ್ಕವನ್ನು ಉಪೇಕ್ಷಿಸುವವರೇ ಬಹುಮಂದಿ.

ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 8,000 ಬೈಟು, ಸಾಗಿಸುವ ಒಂದು ಸಂಪರ್ಕವನ್ನೂ ಅದರಾಚೆ 20 ಸರ್ವರುಗಳನ್ನೂ ಭಾವಿಸಿಕೊಳ್ಳೋಣ. ಎಸ್‌ಎನ್‌ಎಂಪಿ ಎಂಬ ಪದ್ಧತಿಯಿಂದ ಪ್ರತಿಯೊಂದರಲ್ಲಿಯೂ 40 ಅಂಶಗಳನ್ನು ಬೇರೆಬೇರೆಯಾಗಿ ಕೇಳಿದರೆ 800 ಪ್ರಶ್ನೆಗಳೂ ಅಷ್ಟೇ ಉತ್ತರಗಳೂ ಆಗುತ್ತವೆ. ನಾಲ್ಕು ಬೈಟಿನ ಒಂದು ಸಂಖ್ಯೆಯನ್ನು ಹೊತ್ತು ತರುವ ಉತ್ತರವು ಸುಮಾರು 90 ಬೈಟುಗಳಷ್ಟಿರುತ್ತದೆ; ಪ್ರಶ್ನೆಯೂ ಹೆಚ್ಚುಕಡಿಮೆ ಅಷ್ಟೇ. ಐಪಿ ಮತ್ತು ಯುಡಿಪಿ ತಲೆಬರಹಗಳೇ 28 ಬೈಟುಗಳನ್ನು ನುಂಗುತ್ತವೆ. ಐದು ನಿಮಿಷಕ್ಕೊಮ್ಮೆ ಕೇಳುವುದಾದರೆ ಒಂದೊಂದು ದಿಕ್ಕಿನಲ್ಲಿಯೂ 72,000 ಬೈಟು. 300 ಸೆಕೆಂಡುಗಳಿಗೆ ಹಂಚಿದರೆ ಸಂಪರ್ಕದ ಶೇಕಡಾ 3 ಮಾತ್ರ. ಇಷ್ಟಕ್ಕೇ ತೃಪ್ತನಾಗಿ ಲೇಖನಿಯನ್ನು ಕೆಳಗಿಡುವವನು ಮೋಸಹೋಗುತ್ತಾನೆ.

ಏಕೆಂದರೆ ಆ ಪ್ರಶ್ನೆಗಳು ಐದು ನಿಮಿಷಗಳುದ್ದಕ್ಕೂ ಹನಿಹನಿಯಾಗಿ ಹೊರಡುವುದಿಲ್ಲ; ಗಂಟೆ ಬಾರಿಸಿದೊಡನೆ ಶಾಲೆಯ ಬಾಗಿಲಿಗೆ ನುಗ್ಗುವ ಮಕ್ಕಳಂತೆ ಒಮ್ಮೆಗೇ ಹೊರಡುತ್ತವೆ. ಆಗ ಒಂಬತ್ತು ಸೆಕೆಂಡುಗಳ ಕಾಲ ಸಂಪರ್ಕವು ಸಂಪೂರ್ಣವಾಗಿ ತುಂಬಿ, ಆ ಊರಿನವರ ನಿಜವಾದ ಕೆಲಸವೆಲ್ಲ ಹಿಂದೆ ನಿಲ್ಲುತ್ತದೆ. ಅದಕ್ಕಿಂತಲೂ ಕೆಡುಕಾದುದು ಮುಂದಿದೆ. ಈ ಪದ್ಧತಿಗೆ ಬಳಸುವ ನೆಟ್-ಎಸ್‌ಎನ್‌ಎಂಪಿ ಎಂಬ ತಂತ್ರಾಂಶದ ಉಪಕರಣಗಳು, ನಾವು ಬೇರೆ ಹೇಳದಿದ್ದರೆ, ಒಂದು ಸೆಕೆಂಡು ಮಾತ್ರ ಕಾದು, ಉತ್ತರ ಬಾರದಿದ್ದಲ್ಲಿ ಅದೇ ಪ್ರಶ್ನೆಯನ್ನು ಐದು ಬಾರಿಯವರೆಗೂ ಮತ್ತೆ ಕಳುಹಿಸುತ್ತವೆ. ಸಾಲು ಇನ್ನಷ್ಟು ಬೆಳೆಯುತ್ತದೆ, ಕಡೆಗೆ ನೆಟ್ಟಗಿರುವ ಸರ್ವರು ಸತ್ತಿತೆಂಬ ಸುದ್ದಿ ಬರುತ್ತದೆ. ರೋಗಿಯನ್ನು ಕಾಣಬಂದವರ ಗುಂಪೇ ಅವನಿಗೆ ಗಾಳಿಯಾಡದಂತೆ ಮಾಡಿದ ಹಾಗಾಯಿತು. ಆದುದರಿಂದ ಮಂದಸಂಪರ್ಕದಲ್ಲಿ ಅಳೆಯಬೇಕಾದುದು ಸರಾಸರಿಯನ್ನಲ್ಲ, ಅತಿಭಾರದ ಆ ಕ್ಷಣವನ್ನು.

ಪರಿಹಾರ ಕಷ್ಟವಲ್ಲ. ನಲವತ್ತು ಅಂಶಗಳನ್ನೂ ಒಂದೇ ಪ್ಯಾಕೆಟ್ಟಿನಲ್ಲಿ ಕೇಳಿದರೆ ಸರ್ವರೊಂದಕ್ಕೆ ಸುಮಾರು 900 ಬೈಟು ಸಾಕು, ಇಪ್ಪತ್ತಕ್ಕೂ ಸೇರಿ ಎರಡೂಕಾಲು ಸೆಕೆಂಡು; ಅದನ್ನೂ ಹದಿನೈದು ಸೆಕೆಂಡಿಗೊಂದು ಸರ್ವರಿನಂತೆ ಸರದಿಯಲ್ಲಿ ಕೇಳಿದರೆ ಯಾರಿಗೂ ತಿಳಿಯುವುದೇ ಇಲ್ಲ. ಇನ್ನು, ಆ ನಲವತ್ತರಲ್ಲಿ ನಾವು ನಿಜವಾಗಿ ನೋಡುವುದೆಷ್ಟು? ಬೇಕಾದುದನ್ನಷ್ಟೇ ಕೇಳಿದರೆ ಬಹಳ ಮಂದವಾದ ದಾರಿಯೂ ಸಾಕು: 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳು ಬಹುಕಾಲದಿಂದ ಸೆಕೆಂಡಿಗೆ 160 ಬಿಟ್‌ಗಳಷ್ಟೇ ಸಾಗುವ ದಾರಿಯಲ್ಲಿ ತಮ್ಮ ಕ್ಷೇಮವನ್ನೂ ಶೋಧನೆಗಳನ್ನೂ ತಿಳಿಸುತ್ತ ಬಂದಿವೆ.

ಇಂಥ ಹೊಣೆಯನ್ನು ಹೊತ್ತ ವಾಚಕರಲ್ಲಿ ನನ್ನದೊಂದು ಪ್ರಾರ್ಥನೆ: ಕಾವಲಿಡುವ ಮುನ್ನ, ಎಲ್ಲ ಪ್ರಶ್ನೆಗಳೂ ಒಮ್ಮೆಗೇ ಹೊರಟರೆ ಸಂಪರ್ಕವು ಎಷ್ಟು ಸೆಕೆಂಡು ತುಂಬಿರುವುದೆಂಬುದನ್ನು ಕಾಗದದ ಮೇಲೊಮ್ಮೆ ಬರೆದು ನೋಡಿರಿ.