ಇಂಡಿ, ಸಿಂದಗಿಯ ಮುಗಿಲು ಟಿವಿಯಲ್ಲಿ ಏಕಿಲ್ಲ?

ಮಳೆಗಾಲದ ಸಂಜೆ ಕನ್ನಡದ ಸುದ್ದಿವಾಹಿನಿ ಹಾಕಿದರೆ ಮೊದಲು ಕಾಣುವುದು ಬೆಂಗಳೂರಿನ ಯಾವುದೋ ಅಂಡರ್‌ಪಾಸ್‌ನಲ್ಲಿ ನಿಂತ ನೀರು. ಆಮೇಲೆ ಕರಾವಳಿ, ಕೊಡಗು, ಆಗುಂಬೆ. ಎಲ್ಲ ಮುಗಿದ ಮೇಲೆ ‘ಉತ್ತರ ಒಳನಾಡಿನ ಕೆಲವೆಡೆ ಸಾಧಾರಣ ಮಳೆಯಾಗಲಿದೆ’ ಎಂಬ ಒಂದೇ ವಾಕ್ಯ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ರೈತರು ಆ ಒಂದು ವಾಕ್ಯದೊಳಗೆ ತಮ್ಮ ಹೊಲ ಎಲ್ಲಿದೆ ಎಂದು ಹುಡುಕಿಕೊಳ್ಳಬೇಕು.

ಹುಡುಕಿದರೂ ಸಿಗುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಉತ್ತರ ಒಳನಾಡು ಎಂದರೆ ಬೀದರಿನಿಂದ ಹಾವೇರಿಯವರೆಗೆ ಹರಡಿದ ಒಂದೇ ವಿಭಾಗ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡೂ ಅದರಲ್ಲಿದೆ, ಇಂಡಿಯ ಎರಿ (ಕಪ್ಪು ಮಣ್ಣಿನ) ಹೊಲವೂ ಅದರಲ್ಲಿದೆ. ಕಣಕುಂಬಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವಷ್ಟು ಮಳೆ ವಿಜಯಪುರ ಜಿಲ್ಲೆಗೆ ಇಡೀ ವರ್ಷವೂ ಬೀಳುವುದಿಲ್ಲ. ‘ಒಂದೆರಡು ಕಡೆ’, ‘ಕೆಲವೆಡೆ’ ಎಂಬ ಮಾತುಗಳಿಗೂ ಇಲಾಖೆಯಲ್ಲಿ ಖಚಿತ ಅಳತೆಯುಂಟು. ವಿಭಾಗದ ಮಳೆ ಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆಯಾದರೆ ಒಂದು ಪದ, ಶೇ 26ರಿಂದ 50ರವರೆಗೆ ಆದರೆ ಇನ್ನೊಂದು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಕಾಲು ಭಾಗದಲ್ಲಿ ಇಂಡಿ ಕಡೆಯ ಹೊರ್ತಿ ಇದೆಯೋ ಹುಬ್ಬಳ್ಳಿ ಇದೆಯೋ ಎಂದು ಬಿಡಿಸಿ ಹೇಳುವವರು ಟಿವಿಯಲ್ಲಿ ಯಾರೂ ಇಲ್ಲ.

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ಈ ಸೀಮೆಯ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ನಡೆಯಿತು. ದೇಶದ ಆರು ರಾಜ್ಯಗಳ 2,400 ಹಳ್ಳಿಗಳನ್ನು ಅದಕ್ಕೆ ಆರಿಸಿಕೊಂಡಿದ್ದರು. ಕರ್ನಾಟಕದಿಂದ ಸೇರಿದ್ದು ಬಿಜಾಪುರ (ಈಗಿನ ವಿಜಯಪುರ), ಗುಲಬರ್ಗಾ (ಈಗಿನ ಕಲಬುರಗಿ), ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಳಿಗೆಯಿಂದ ಮಾಡಿದ ದೊಡ್ಡ ಆಂಟೆನಾ ನೆಟ್ಟು, ಊರ ಮಂದಿಯೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಒಕ್ಕಲುತನ, ಆರೋಗ್ಯ, ಮಕ್ಕಳ ಪಾಠ ನೋಡಿದರು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರೈತನ ಹೊಲಕ್ಕೆ ಬೇಕಾದ ಮಾತು ಹೇಳಲೆಂದೇ ಈ ನೆಲಕ್ಕೆ ಬಂದ ಮಾಧ್ಯಮ, ಅರ್ಧ ಶತಮಾನ ಕಳೆದ ಮೇಲೆ ಆ ಹೊಲಕ್ಕೆ ಹತ್ತು ಸೆಕೆಂಡು ಕೊಡುತ್ತಿದೆ. ಇದು ಬೇಸರದ ಸಂಗತಿ.

ಬೇರೆ ಕಡೆ ಹೀಗಿಲ್ಲ. ಅಮೆರಿಕದಲ್ಲಿ ನಡುಮಟ್ಟದ ನಗರಗಳ ಬಹುತೇಕ ಟಿವಿ ಕೇಂದ್ರಗಳಿಗೂ ತಮ್ಮದೇ ಹವಾಮಾನ ತಜ್ಞರಿರುತ್ತಾರೆ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಜೇಮ್ಸ್ ಸ್ಪ್ಯಾನ್ ಅವರಲ್ಲಿ ಹೆಸರಾಂತರು. 2011ರ ಏಪ್ರಿಲ್ 27ರಂದು ಆ ರಾಜ್ಯಕ್ಕೆ ಸುಂಟರಗಾಳಿಗಳು ಸಾಲುಸಾಲಾಗಿ ಅಪ್ಪಳಿಸಿದಾಗ ಅವರು ಗಂಟೆಗಟ್ಟಲೆ ನೇರಪ್ರಸಾರದಲ್ಲಿದ್ದರು. ಗಾಳಿ ಯಾವ ಕೌಂಟಿಯಲ್ಲಿದೆ ಎಂದಷ್ಟೇ ಹೇಳಿ ಬಿಡುವವರಲ್ಲ ಅವರು. ಯಾವ ಅಡ್ಡರಸ್ತೆ, ಯಾವ ಚರ್ಚು, ಯಾವ ಖಾನಾವಳಿಯ ಹತ್ತಿರ ಬಂತು ಎಂದು ಊರವರ ಗುರುತಿನಲ್ಲೇ ಹೇಳುತ್ತಾರೆ. ಬಿಡುವಿದ್ದಾಗ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಮೋಡದ ಪಾಠ ಮಾಡುತ್ತಾರೆ. ಅಲ್ಲಿಯದೇ ಅಲೆನ್ ಮೀಡಿಯಾ ಎಂಬ ಕಂಪನಿ 2025ರ ಜನವರಿಯಲ್ಲಿ ತನ್ನ ಕೇಂದ್ರಗಳ ಸ್ಥಳೀಯ ತಜ್ಞರನ್ನು ಬಿಡಿಸಿ, ಅಟ್ಲಾಂಟಾದ ಒಂದೇ ಕಡೆಯಿಂದ ಎಲ್ಲ ಊರುಗಳ ಹವಾಮಾನ ಹೇಳಿಸಲು ಹೊರಟಿತು. ವೀಕ್ಷಕರು ಸುಮ್ಮನಿರಲಿಲ್ಲ, ಕಂಪನಿ ಹಿಂದೆ ಸರಿಯಬೇಕಾಯಿತು.

ಅಷ್ಟು ದೂರ ಹೋಗುವುದೂ ಬೇಡ. ಚೆನ್ನೈನ ಹವಾಮಾನ ಕೇಂದ್ರದಲ್ಲಿದ್ದ ಎಸ್.ಆರ್. ರಮಣನ್ 2016ರಲ್ಲಿ ನಿವೃತ್ತರಾಗುವವರೆಗೆ ತಮಿಳುನಾಡಿನ ಮನೆಮನೆಗೂ ಪರಿಚಯದ ಮುಖವಾಗಿದ್ದರು. ಅವರು ಟಿವಿಯಲ್ಲಿ ಕಂಡರೆ ಮಳೆಯ ರಜೆ ಸಿಕ್ಕೀತೆಂದು ಶಾಲೆಯ ಮಕ್ಕಳು ಕಾಯುತ್ತಿದ್ದರು. ಸರ್ಕಾರಿ ವಿಜ್ಞಾನಿಯೊಬ್ಬರು ಜನರ ಭಾಷೆಯಲ್ಲಿ, ದಿನವೂ ಎದುರಿಗೆ ಬಂದು ಮಾತಾಡಿದರೆ ಎಷ್ಟು ಹತ್ತಿರದವರಾಗುತ್ತಾರೆ ಎಂಬುದಕ್ಕೆ ಅವರೇ ಸಾಕ್ಷಿ.

ವಿಜಯಪುರ ಜಿಲ್ಲೆಗೆ ಅಂಥ ಒಬ್ಬರು ಬಂದರೆ ಹೇಳಲು ಏನಿದೆ? ಬೇಕಾದಷ್ಟಿದೆ.

ಜೂನ್, ಜುಲೈನಲ್ಲಿ ಪಡುವಣದ ಘಟ್ಟಗಳು ಮೋಡದ ನೀರನ್ನೆಲ್ಲ ತಮ್ಮಲ್ಲೇ ಇಳಿಸಿಕೊಂಡು, ಈ ಕಡೆಗೆ ಬರೀ ಗಾಳಿ ಬಿಡುತ್ತವೆ. ಇಲ್ಲಿಯ ದೊಡ್ಡ ಮಳೆ ಸೆಪ್ಟೆಂಬರಿನದು. ಉತ್ತರಿ, ಹಸ್ತಾ, ಚಿತ್ತಿ ಮಳೆಗಳ ಕಾಲದಲ್ಲಿ ಎರಿ ಭೂಮಿ ಹಸಿಯಾಗಿ, ಆ ಹಸಿಯನ್ನೇ ನಂಬಿ ಹಿಂಗಾರಿ ಬಿಳಿಜೋಳ, ಕಡಲೆ ಬಿತ್ತುತ್ತಾರೆ. ಆಮೇಲೆ ಮಳೆ ಬಾರದಿದ್ದರೂ ಮಣ್ಣಿನ ಒಡಲಲ್ಲಿರುವ ತೇವದಲ್ಲೇ ಜೋಳ ತೆನೆ ಹಿಡಿಯುತ್ತದೆ. ಹಾಗಾಗಿ ಇಲ್ಲಿಯವರ ಪ್ರಶ್ನೆ ಮಳೆ ಬರುತ್ತದೆಯೋ ಇಲ್ಲವೋ ಎಂಬಲ್ಲಿಗೆ ನಿಲ್ಲುವುದಿಲ್ಲ. ಇವತ್ತಿನ ಹದಕ್ಕೆ ಕೂರಿಗೆ ಹೂಡಬಹುದೇ? ಹೂಡಿದ ಮರುದಿನ ಜಡಿ ಹಿಡಿದು ಬೀಜ ಕೊಳೆತೀತೇ? ನಾಲ್ಕು ದಿನ ತಡೆದರೆ ಹದ ಆರಿ ಹೋದೀತೇ? ಒಂದು ಬಿತ್ತಿಗೆಯ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವೂ ಆ ನಾಲ್ಕು ದಿನದ ಮಾತಿನ ಮೇಲೆ ನಿಂತಿರುತ್ತವೆ.

ತೊಗರಿ ಹೂ ಬಿಟ್ಟಾಗ ಮೂರು ದಿನ ಮೋಡ ಕವಿದರೆ ಹೂ ಉದುರುತ್ತದೆ, ಕಾಯಿಕೊರಕ ಹುಳ ಬೀಳುತ್ತದೆ. ಆಗ ಔಷಧ ಹೊಡೆದ ಸಂಜೆಯೇ ಮಳೆ ಬಂದರೆ ಔಷಧವೂ ಕೂಲಿಯೂ ತೊಳೆದು ಹೋದವು. ಒಣದ್ರಾಕ್ಷಿಯ ಶೆಡ್‌ಗಳಲ್ಲಿ ಇನ್ನೊಂದು ಬಗೆಯ ಆತಂಕ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಜಾಳಿಗೆಯ ಅಟ್ಟಣಿಗೆಗಳ ಮೇಲೆ ಹರವುತ್ತಾರೆ. ಗಾಳಿ ಆಡಲೆಂದು ಶೆಡ್‌ನ ಪಕ್ಕಗಳು ತೆರೆದೇ ಇರುತ್ತವೆ. ಒಣಗಲು ಎರಡು ವಾರ ಬೇಕು. ಆ ನಡುವೆ ಗಾಳಿಯೊಂದಿಗೆ ಒಂದು ಅಡ್ಡಮಳೆ ಬಂದರೆ ಹಸಿರು-ಹಳದಿ ಬಣ್ಣದ ಮಾಲು ಕಪ್ಪಾಗಿ ದರ ಬೀಳುತ್ತದೆ. ಹವಾಮಾನ ಇಲಾಖೆಗೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಮಾತ್ರ ‘ಭಾರಿ ಮಳೆ’. ಶೆಡ್‌ನವರಿಗೆ ಅರ್ಧ ತಾಸಿನ ಜಡಿಯೇ ಭಾರಿ. ಮಧ್ಯಾಹ್ನ ಒಂದು ಗಂಟೆಗೆ ಯಾರಾದರೂ ಹೇಳಿದರೆ ನಾಲ್ಕಕ್ಕೆ ತಾಡಪತ್ರಿ ಇಳಿಬಿಟ್ಟು ಮಾಲು ಉಳಿಸಿಕೊಳ್ಳಬಹುದು.

ನದಿಗಳ ಕತೆಯೇ ಬೇರೆ. ಇಂಡಿ, ಸಿಂದಗಿ ಕಡೆಯ ಭೀಮಾ ತೀರದಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ತುಂಬಿ ಬರುತ್ತದೆ. ಪುಣೆಯ ಮೇಲ್ಭಾಗದಲ್ಲಿ ಮಳೆಯಾಗಿ, ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಅದು ಇಲ್ಲಿಯ ಕಬ್ಬು, ತೊಗರಿಯನ್ನು ಮುಳುಗಿಸುತ್ತದೆ. ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಕೃಷ್ಣಾ ತೀರದವರು ಮಹಾಬಳೇಶ್ವರದ ಮಳೆ, ಕೊಯ್ನಾದ ಮಟ್ಟ, ಆಲಮಟ್ಟಿಯ 519.6 ಮೀಟರ್‌ನ ಪೂರ್ಣ ಮಟ್ಟ ಇವಿಷ್ಟನ್ನೂ ಒಟ್ಟಿಗೆ ನೋಡಬೇಕು. ಡೋಣಿ ನದಿ ಮಾತ್ರ ಇಲ್ಲಿಯ ಮಳೆಗೇ ಉಕ್ಕುತ್ತದೆ. ಒಂದು ರಾತ್ರಿಯ ಜೋರು ಮಳೆಗೆ ತಾಳಿಕೋಟೆ ಹತ್ತಿರದ ಹಡಗಿನಾಳ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಮೂರು ಹೊಳೆಗಳಿಗೆ ಮೂರು ಬೇರೆ ಕಾರಣ. ಬೆಂಗಳೂರಿನ ಸ್ಟುಡಿಯೊದಲ್ಲಿ ಕುಳಿತ ನಿರೂಪಕರಿಗೆ ಇವನ್ನು ಬಿಡಿಸಿ ಹೇಳಲು ಸಮಯವೂ ಇಲ್ಲ, ಪರಿಚಯವೂ ಇಲ್ಲ.

2020ರ ಅಕ್ಟೋಬರ್ ಇದಕ್ಕೆ ಕಣ್ಣೆದುರಿನ ಉದಾಹರಣೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಅ.13ರಂದು ಕಾಕಿನಾಡದ ಬಳಿ ನೆಲ ಮುಟ್ಟಿ, ಹೈದರಾಬಾದನ್ನು ನೀರಿನಲ್ಲಿ ಅದ್ದಿ, ಕಲಬುರಗಿ, ಸೊಲ್ಲಾಪುರಗಳ ಮೇಲೆ ಹಾದು ಅರಬ್ಬಿ ಸಮುದ್ರದ ಕಡೆ ಹೋಯಿತು. ಅದರ ಬೆನ್ನಿಗೆ ಭೀಮೆ ಉಕ್ಕಿ ತೀರದ ಹಳ್ಳಿಗಳನ್ನು ಸುತ್ತುವರಿಯಿತು. ಕುಸಿತ ಸಾಗುವ ದಾರಿಯನ್ನು ಇಲಾಖೆ ಮೊದಲೇ ಗುರುತಿಸಿತ್ತು. ‘ಇದು ನಿಮ್ಮ ಊರಿನ ಮೇಲೇ ಹಾದು ಹೋಗುತ್ತದೆ, ಹೊಳೆ ದಂಡೆಯ ಪಂಪ್‌ಸೆಟ್ ಬಿಚ್ಚಿಡಿ, ದನ ಮೇಲಕ್ಕೆ ಒಯ್ಯಿರಿ’ ಎಂದು ದಿನಕ್ಕೆ ನಾಲ್ಕು ಸಲ ಹೇಳುವ ಪರಿಚಿತ ದನಿಯೊಂದು ಈ ತಾಲ್ಲೂಕುಗಳಿಗೆ ಬೇಕಿತ್ತು.

ಮಾಹಿತಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಬರ ಉಸ್ತುವಾರಿಗೆಂದು 1988ರಲ್ಲಿ ಘಟಕ ಕಟ್ಟಿದ ದೇಶದ ಮೊದಲ ರಾಜ್ಯ ಕರ್ನಾಟಕ. ಅದೇ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದು ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಹಾಕಿದೆ. ಮೇಲೊಂದು ಲಾಳಿಕೆ, ಒಳಗೆ ತಕ್ಕಡಿಯಂತೆ ಆಚೀಚೆ ವಾಲುವ ಎರಡು ಪುಟ್ಟ ಬಟ್ಟಲು, ಪಕ್ಕದಲ್ಲಿ ಸೌರಫಲಕ. ಒಂದು ಬಟ್ಟಲು ತುಂಬಿ ವಾಲಿದರೆ ಒಂದು ಎಣಿಕೆ. ಆ ಎಣಿಕೆ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಹೋಗುತ್ತದೆ. ದ್ರಾಕ್ಷಿ, ದಾಳಿಂಬೆಯ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಲ್ಲುವುದೂ ಇಂಥ ಮಾಪಕ, ಹವಾಮಾನ ಕೇಂದ್ರಗಳ ಅಂಕಿಗಳ ಮೇಲೆಯೇ. ತನ್ನ ಪಂಚಾಯಿತಿಯ ಅಂಕಿ ತನಗೆ ತಿಳಿಯಬೇಕಾದ್ದು ರೈತನ ಹಕ್ಕು. ಅದೇ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯಿದೆ, ಸಿಡಿಲು ಎಷ್ಟು ಹತ್ತಿರದಲ್ಲಿದೆ ಎಂದು ಬಣ್ಣಗಳಲ್ಲಿ ತೋರಿಸುವ ‘ಸಿಡಿಲು’ ಆ್ಯಪ್ ಇದೆ. ವಿಜಯಪುರದ ಒಣಬೇಸಾಯ ಸಂಶೋಧನೆಗೆ 1930ರ ದಶಕದಷ್ಟು ಹಳೆಯ ಬೇರುಗಳಿವೆ. ಹಿಟ್ನಳ್ಳಿ ಫಾರ್ಮಿನಲ್ಲಿ ಕೃಷಿ ಕಾಲೇಜೂ ಇದೆ. ಗ್ರಾಮೀಣ ಕೃಷಿ ಹವಾಮಾನ ಸೇವೆಯಡಿ ಮಂಗಳವಾರ ಮತ್ತು ಶುಕ್ರವಾರ ಸಲಹಾ ಪತ್ರ ಹೊರಡುತ್ತದೆ.

ಆದರೆ ಆ ಪತ್ರ ತಲುಪುವುದು ವಾಟ್ಸ್‌ಆ್ಯಪ್‌ನ ಪಿಡಿಎಫ್ ಆಗಿ. ಗರಿಷ್ಠ, ಕನಿಷ್ಠ, ಆರ್ದ್ರತೆ, ಗಾಳಿಯ ವೇಗದ ಪಟ್ಟಿಯನ್ನು ಕಣದಲ್ಲಿ ನಿಂತ ಅಜ್ಜ ಓದುವುದಿಲ್ಲ, ಅಂಗಿ ಕಿಸೆಯಲ್ಲಿ ಸಾದಾ ಫೋನಿಟ್ಟ ಕುರಿಗಾಹಿಗೆ ಅದು ತೆರೆಯುವುದೇ ಇಲ್ಲ. ಇದ್ದ ವ್ಯವಸ್ಥೆಯೂ ಕುಗ್ಗುತ್ತಿದೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ 2018ರಿಂದ ಶುರುವಾಗಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರ ಆರಂಭದಲ್ಲಿ ದೇಶದಾದ್ಯಂತ ಮುಚ್ಚಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಡಿಡಿ ಕಿಸಾನ್ ವಾಹಿನಿ ಐವತ್ತು ಭಾಷೆ ಬಲ್ಲ ಕೃತಕ ಬುದ್ಧಿಮತ್ತೆಯ ಇಬ್ಬರು ನಿರೂಪಕರನ್ನು ತೆರೆಗೆ ತಂದಿತು. ಮನುಷ್ಯರನ್ನು ಕಳಿಸಿ ಯಂತ್ರವನ್ನು ಕೂರಿಸುವ ಈ ದಾರಿ ತಪ್ಪು. ಮಳೆ ಹುಸಿಯಾದ ಮರುದಿನ ಇಂಡಿಯ ಸಂತೆಯಲ್ಲಿ ಎದುರು ಸಿಕ್ಕವರಿಗೆ ಕಾರಣ ಹೇಳಬೇಕಾದ್ದು ಮನುಷ್ಯರೇ.

ಮಳೆ-ಬೆಳೆಯ ಭವಿಷ್ಯ ಹೇಳುವ ಬಬಲಾದಿ ಮಠದ ಕಾಲಜ್ಞಾನಕ್ಕೆ ಈ ಜಿಲ್ಲೆಯ ಜನ ಇಂದಿಗೂ ಕಿವಿಗೊಡುತ್ತಾರೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು, ಆ ಹೇಳಿಕೆಯಲ್ಲಿ ಏನಿದೆ ಎಂದು ನೋಡುವುದು ಒಳ್ಳೆಯದು. ಅದು ಊರಿನ ಮಾತಿನಲ್ಲಿದೆ, ಊರಿನ ಪೈರಿನ ಬಗ್ಗೆ ಇದೆ, ಮಂದಿಯ ಎದುರು ನಿಂತು ಹೇಳಿದ್ದಾಗಿದೆ. ಉಪಗ್ರಹ, ರಾಡಾರ್ ಇರುವ ವಿಜ್ಞಾನಕ್ಕೂ ಈ ಮೂರು ಗುಣ ಬಂದರೆ ಜನ ಅದಕ್ಕೂ ಕಿವಿಗೊಡುತ್ತಾರೆ. ‘ನಾಳೆ ಮಧ್ಯಾಹ್ನ ಮೂರರ ಮ್ಯಾಲ ಹೊರ್ತಿ, ಝಳಕಿ, ತಾಂಬಾ ಕಡೆ ಗುಡುಗು-ಸಿಡಿಲು ಆಗೂ ಲಕ್ಷಣ ಅದಾವ. ದನಾ ಹೊಡಕೊಂಡು ಲಗೂ ಮನಿಗೆ ಬರ್ರಿ. ಗಿಡದ ಬುಡಕ ನಿಂದರಬ್ಯಾಡ್ರಿ’ ಎಂದು ಯಾರಾದರೂ ಹೇಳಿದರೆ ಅದಕ್ಕೆ ಅನುವಾದವೂ ಬೇಡ, ಆ್ಯಪ್ ಕೂಡ ಬೇಡ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಸಿಡಿಲಿಗೆ ಬಲಿಯಾಗುವವರು ಬಹುತೇಕ ಹೊಲದಲ್ಲಿದ್ದವರು, ಕುರಿ ಮೇಯಿಸುತ್ತಿದ್ದವರು, ಮಳೆಗೆ ಹೆದರಿ ಮರದಡಿ ನಿಂತವರು. ಅವರಿಗೆ ಒಂದು ತಾಸು ಮುಂಚೆ ಮಾತು ಮುಟ್ಟಬೇಕು.

ಇದನ್ನು ಶುರು ಮಾಡಲು ಹೊಸ ಉಪಗ್ರಹ ಹಾರಿಸಬೇಕಿಲ್ಲ. ವಿಜಯಪುರದಲ್ಲಿ ಆಕಾಶವಾಣಿಯಿದೆ, ಚಂದನ ವಾಹಿನಿಯ ಕೃಷಿ ಕಾರ್ಯಕ್ರಮಗಳಿವೆ, ಊರೂರಿಗೆ ಕೇಬಲ್ ವಾಹಿನಿಗಳಿವೆ. ಕೃಷಿ ಹವಾಮಾನ ಓದಿದ, ಈ ಕಡೆಯ ಮಾತಾಡುವ ಒಬ್ಬಿಬ್ಬರನ್ನು ನೇಮಿಸಿ ಬೆಳಿಗ್ಗೆ ಐದು, ಸಂಜೆ ಐದು ನಿಮಿಷ ಕೊಟ್ಟರೆ ಸಾಕು. ಹಿಂದಿನ ದಿನ ನಾಲತವಾಡ, ಢವಳಗಿ, ಮನಗೂಳಿ, ಆಲಮೇಲ, ಮೋರಟಗಿಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಎಂದು ಮೊದಲು ಹೇಳಲಿ. ತಮ್ಮ ಊರಿನ ಹೆಸರು ಕೇಳಿದವರು ಉಳಿದದ್ದನ್ನೂ ಕೇಳುತ್ತಾರೆ. ನಿನ್ನೆಯ ಮುನ್ಸೂಚನೆ ಎಲ್ಲಿ ತಪ್ಪಿತು ಎಂಬುದನ್ನೂ ಮುಚ್ಚಿಡದೆ ಹೇಳಲಿ. ಉಜನಿ, ಆಲಮಟ್ಟಿಯ ಹೊರಹರಿವನ್ನು ಕ್ಯುಸೆಕ್‌ನಲ್ಲಿ ಹೇಳಿ ಬಿಡದೆ, ಯಾವ ಹೊತ್ತಿಗೆ ಯಾವ ಊರಿನ ದಂಡೆ ಮುಟ್ಟುತ್ತದೆ ಎಂದು ಹೇಳಲಿ. ಮೃಗಶಿರಾ ಮಳೆ ಹೂಡುವುದು ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ. ಅದಕ್ಕೂ ಮೊದಲು ಜಿಲ್ಲಾಡಳಿತ, ಕೃಷಿ ವಿಶ್ವವಿದ್ಯಾಲಯ ಮತ್ತು ಆಕಾಶವಾಣಿ ಒಂದು ಮೇಜಿನ ಸುತ್ತ ಕುಳಿತು ಈ ಬಗ್ಗೆ ಒಪ್ಪಂದ ಮಾಡಿಕೊಳ್ಳಲು ಬೇಸಿಗೆಯ ಮೂರು ತಿಂಗಳು ಸಾಕಾಗುತ್ತವೆ.